ಅಸ್ವಸ್ಥರ ಹಾಸಿಗೆಯ ಬಳಿ ನಮ್ಮ ಹಾಡು

ನವೆಂಬರ್ 22, ಸಂತ ಸಿಸಿಲಿಯಮ್ಮನವರ ಹಬ್ಬದಂದು ಗಾನವೃಂದಗಳ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ



ಇಂದು ಧರ್ಮಸಭೆ ಸಂತ ಸಿಸಿಲಿಯಮ್ಮನವರನ್ನು ಸ್ಮರಿಸುತ್ತದೆ. ರೋಮ್ ನಗರದ ಈ ರಕ್ತಸಾಕ್ಷಿ ಕನ್ಯೆ ಸಂಗೀತಗಾರರ ಪಾಲಕಿ. ಬಲಿಪೂಜೆಯ ಬಹಳ ಹಳೆಯ ಪ್ರಾರ್ಥನೆಯೊಂದರಲ್ಲಿ ಸಂತರ ಹೆಸರುಗಳನ್ನು ಹೇಳುವಾಗ ಇವರ ಹೆಸರೂ ಬರುತ್ತದೆ. ವರ್ಷವಿಡೀ ಹಾರ್ಮೋನಿಯಂ, ಕೀಬೋರ್ಡ್, ತಬಲಗಳ ಹಿಂದೆ ಕುಳಿತು ನಮ್ಮ ಪ್ರಾರ್ಥನೆಗೆ ರೆಕ್ಕೆ ಕಟ್ಟುವ ನಿಮಗೆಲ್ಲ ಇದು ಮನೆಯ ಹಬ್ಬ. ನಿಮಗೆ ಹಬ್ಬದ ಶುಭಾಶಯಗಳು.

ಈ ವರ್ಷದ ಹಬ್ಬಕ್ಕೆ ನಾನು ಒಂದು ಬೇರೆ ವಿಷಯವನ್ನು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಹಾಡುವವರ ಬಗ್ಗೆ ಪ್ರತಿ ವರ್ಷ ಮಾತನಾಡುತ್ತೇವೆ. ಹಾಡಿನ ಅಗತ್ಯ ಅತ್ಯಂತ ಹೆಚ್ಚಾಗಿ ಇರುವವರ ಬಗ್ಗೆ ಈ ಸಲ ಯೋಚಿಸೋಣ. ನಮ್ಮ ಧರ್ಮಕೇಂದ್ರಗಳಲ್ಲಿ ಕ್ಯಾನ್ಸರ್ ಎಂಬ ಹೆಸರು ಕೇಳದ ಬೀದಿ ಇಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಆರಂಭವಾಯಿತು. ಅಂದಿನಿಂದ ನಾಡಿನ ಮೂಲೆಮೂಲೆಯಿಂದ ಜನ ಬಸ್ಸು ಹತ್ತಿ ಅಲ್ಲಿಗೆ ಬರುತ್ತಿದ್ದಾರೆ. ಈ ದೇವಾಲಯದಲ್ಲಿ ಕುಳಿತಿರುವ ಎಷ್ಟೋ ಮಂದಿ ಆ ಸಾಲಿನಲ್ಲಿ ನಿಂತವರು, ಇಲ್ಲವೇ ನಿಂತವರ ಕೈ ಹಿಡಿದುಕೊಂಡವರು. ರೋಗದ ನೋವು ಒಂದಾದರೆ, ಆ ನೋವಿಗೂ ಮುಂಚೆ ಬಂದು ಕೂರುವ ಭಯ ಇನ್ನೊಂದು. ಸ್ಕ್ಯಾನ್ ಫಲಿತಾಂಶಕ್ಕೆ ಕಾಯುವ ರಾತ್ರಿ, ಕೀಮೋಥೆರಪಿಗೆ ಹೊರಡುವ ಬೆಳಗು, ರೇಡಿಯೇಷನ್ ಕೋಣೆಯ ಬಾಗಿಲು ಮುಚ್ಚಿಕೊಳ್ಳುವ ಹೊತ್ತು, ಇವು ಅನುಭವಿಸಿದವರಿಗೇ ಗೊತ್ತು. ಈ ಭಯದ ಎದುರು ನಮ್ಮ ಹಾಡು ಏನು ಮಾಡಬಲ್ಲದು? ಏನು ಮಾಡಲಾರದು? ಇದೇ ಇಂದಿನ ಚಿಂತನೆ.

ಮೊದಲು ಪವಿತ್ರ ಬೈಬಲಿನ ಕಡೆಗೆ ತಿರುಗೋಣ. ಸಮುವೇಲನ ಮೊದಲನೆಯ ಗ್ರಂಥದ 16ನೇ ಅಧ್ಯಾಯದಲ್ಲಿ ಅರಸ ಸೌಲನನ್ನು ನೋಡುತ್ತೇವೆ. ಅವನಿಗೆ ಸಿಂಹಾಸನವಿದೆ, ಸೈನ್ಯವಿದೆ, ಆದರೆ ಮನಸ್ಸಿಗೆ ನೆಮ್ಮದಿ ಇಲ್ಲ. ಕಳವಳ ಅವನನ್ನು ಹಿಡಿದು ಅಲುಗಾಡಿಸುತ್ತದೆ. ಅವನ ಸೇವಕರು ಏನು ಮಾಡುತ್ತಾರೆ? ಅರಸನಿಗೆ ಬುದ್ಧಿ ಹೇಳಲು ಹೋಗುವುದಿಲ್ಲ. ಕಿನ್ನರಿ ನುಡಿಸಬಲ್ಲ ಒಬ್ಬನನ್ನು ಹುಡುಕಿ ತರುತ್ತಾರೆ. ಬೆತ್ಲೆಹೇಮಿನ ಕುರಿಗಾಹಿ ಹುಡುಗ ದಾವೀದ ಬರುತ್ತಾನೆ, ಕಿನ್ನರಿ ನುಡಿಸುತ್ತಾನೆ, ಸೌಲನ ಮನಸ್ಸು ಹಗುರವಾಗುತ್ತದೆ. ನೊಂದ ಮನಸ್ಸಿಗೆ ಸಂಗೀತ ಔಷಧವಾಗಬಲ್ಲದು ಎಂಬುದನ್ನು ನಮ್ಮ ಪವಿತ್ರ ಗ್ರಂಥ ಎಷ್ಟೋ ಶತಮಾನಗಳ ಹಿಂದೆಯೇ ಬರೆದಿಟ್ಟಿದೆ.

ಆದರೆ ಅದೇ ಗ್ರಂಥದಲ್ಲಿ ಇನ್ನೂ ಎರಡು ಮೂರು ಅಧ್ಯಾಯ ಮುಂದೆ ಓದಿ. ದಾವೀದ ಕಿನ್ನರಿ ನುಡಿಸುತ್ತಿರುವಾಗಲೇ ಸೌಲ ಅವನ ಮೇಲೆ ಈಟಿ ಎಸೆಯುತ್ತಾನೆ. ಬೈಬಲ್ ಇದನ್ನು ಮುಚ್ಚಿಡುವುದಿಲ್ಲ. ಹಾಡು ಸೌಲನಿಗೆ ಬಿಡುವು ಕೊಟ್ಟಿತು. ಅವನ ಇಡೀ ಬದುಕನ್ನು ಗುಣಪಡಿಸಲಿಲ್ಲ. ನಾವು ಇಂದು ಮಾತನಾಡುವಾಗ ಈ ಎರಡೂ ಸತ್ಯಗಳನ್ನು ಜೊತೆಯಲ್ಲೇ ಇಟ್ಟುಕೊಳ್ಳಬೇಕು. ಸಂಗೀತ ಕ್ಯಾನ್ಸರನ್ನು ವಾಸಿ ಮಾಡುವುದಿಲ್ಲ. ಹಾಗೆಂದು ಯಾರಾದರೂ ಹೇಳಿ, ಔಷಧಿ ನಿಲ್ಲಿಸಿ ಎಂದು ನಿಮ್ಮ ಮನೆಗೆ ಬಂದರೆ, ಅವರನ್ನು ನಂಬಬೇಡಿ. ಗಡ್ಡೆಯನ್ನು ಎದುರಿಸುವುದು ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಷನ್ ಮುಂತಾದ ಚಿಕಿತ್ಸೆಗಳ ಕೆಲಸ. ಆ ಚಿಕಿತ್ಸೆಯನ್ನು ತಾಳಿಕೊಳ್ಳುವ ಮನುಷ್ಯನ ಜೊತೆಗಿರುವುದು ಹಾಡಿನ ಕೆಲಸ.

ಇದು ಭಕ್ತಿಯಿಂದ ಆಡಿದ ಮಾತು ಮಾತ್ರವಲ್ಲ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯಿದೆ. ಕ್ಯಾನ್ಸರ್ ರೋಗಿಗಳಿಗೆ ಸಂಗೀತದಿಂದ ಏನು ಪ್ರಯೋಜನ ಎಂದು 2011ರಲ್ಲಿ ಅದು 30 ಅಧ್ಯಯನಗಳನ್ನು ಪರಿಶೀಲಿಸಿತು. 2021ರ ಹೊತ್ತಿಗೆ ಅಂಥ 81 ಅಧ್ಯಯನಗಳು, 5,576 ಮಂದಿ ರೋಗಿಗಳ ವಿವರಗಳು ಅದರ ಮುಂದಿದ್ದವು. ವಯಸ್ಕರಲ್ಲಿ ಆತಂಕ ಗಮನಾರ್ಹವಾಗಿ ಕಡಿಮೆಯಾಗಬಹುದು, ನೋವು ಮತ್ತು ಆಯಾಸವೂ ತಗ್ಗಬಹುದು ಎಂದು ಆ ವರದಿ ಹೇಳಿತು. ಆತಂಕದ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿಯಾಗಬೇಕು ಎಂದೂ ಪ್ರಾಮಾಣಿಕವಾಗಿ ಸೇರಿಸಿತು. ಗುಳಿಗೆಯ ಪರೀಕ್ಷೆಯಲ್ಲಿ ರೋಗಿಗೆ ತಿಳಿಯದಂತೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಹಾಡಿನ ಪರೀಕ್ಷೆಯಲ್ಲಿ ಅದು ಸಾಧ್ಯವಿಲ್ಲ, ಕೇಳುವವನಿಗೆ ತಾನು ಕೇಳುತ್ತಿದ್ದೇನೆಂದು ಗೊತ್ತೇ ಇರುತ್ತದೆ. 2023ರಲ್ಲಿ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಇನ್ನೊಂದು ಸಂಘದ ಜೊತೆಗೂಡಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಚಿಕಿತ್ಸೆಯ ಕಾಲದ ಆತಂಕಕ್ಕೆ ಯೋಗ, ವಿಶ್ರಾಂತಿ ಅಭ್ಯಾಸಗಳ ಜೊತೆ ಸಂಗೀತ ಚಿಕಿತ್ಸೆಯನ್ನೂ ಸೇರಿಸಿದೆ. ತರಬೇತಿ ಪಡೆದವರು ರೋಗಿಯ ಜೊತೆ ಕುಳಿತು ನಡೆಸುವುದು ಸಂಗೀತ ಚಿಕಿತ್ಸೆ. ಮನೆಯವರು ಮೊಬೈಲಿನಲ್ಲಿ ಹಾಡು ಹಾಕಿಕೊಡುವುದು ಅದಕ್ಕಿಂತ ಸರಳವಾದ ಸಂಗತಿ. ಆದರೂ ಅದಕ್ಕೂ ಬೆಲೆಯಿದೆ.

ಇದು ಹೇಗೆ ಕೆಲಸ ಮಾಡುತ್ತದೆ? ಭಯವಾದಾಗ ದೇಹ ಓಡಲು ಸಿದ್ಧವಾಗುತ್ತದೆ. ಎದೆ ಬಡಿತ ಏರುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಭುಜ, ದವಡೆ ಬಿಗಿಯುತ್ತವೆ. ಆದರೆ ಡ್ರಿಪ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕುಳಿತವರು ಎಲ್ಲಿಗೆ ಓಡಬೇಕು? ನಿಧಾನಗತಿಯ ಸಂಗೀತ, ಎಂದರೆ ನಿಮಿಷಕ್ಕೆ ಸುಮಾರು 60ರಿಂದ 80 ತಾಳ ಬೀಳುವಂಥದ್ದು, ನೆಮ್ಮದಿಯಾಗಿರುವ ಹೃದಯದ ಬಡಿತಕ್ಕೆ ಹತ್ತಿರವಿರುತ್ತದೆ. ಕೇಳುತ್ತ ಕೇಳುತ್ತ ಉಸಿರು ತಾನಾಗಿ ನಿಧಾನಿಸುತ್ತದೆ. ಸಣ್ಣಗೆ ಗುನುಗಿದರೆ ಇನ್ನೂ ಒಳ್ಳೆಯದು, ಏಕೆಂದರೆ ಗುನುಗುವಾಗ ಉಸಿರು ಬಿಡುವ ಹೊತ್ತು ಉದ್ದವಾಗುತ್ತದೆ. ಜೊತೆಗೆ, ಮನಸ್ಸು ಒಂದೇ ಕಾಲಕ್ಕೆ ಎಲ್ಲವನ್ನೂ ಗಮನಿಸಲಾರದು. ಹಾಡಿನ ಮುಂದಿನ ಸಾಲನ್ನು ಎದುರುನೋಡುವ ಮನಸ್ಸಿಗೆ ಸೂಜಿಯನ್ನೇ ಎದುರುನೋಡಲು ಅಷ್ಟು ಜಾಗ ಉಳಿಯುವುದಿಲ್ಲ.

ಇಲ್ಲಿ ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಸ್ತನ ಕ್ಯಾನ್ಸರಿಗೆ ಅವರಿಗೆ ಮೂರು ವಾರಕ್ಕೊಮ್ಮೆ ಕೀಮೋ. ಮಗ ಬಹಳ ಒಳ್ಳೆಯವನು, ತಾಯಿಯ ಮೊಬೈಲಿನಲ್ಲಿ ನಲವತ್ತು ಭಕ್ತಿಗೀತೆಗಳನ್ನು ತುಂಬಿಸಿ ಕಿವಿಗೆ ಹಚ್ಚಿದ. ಎರಡನೆಯ ಹಾಡು ಬರುತ್ತಲೇ ಆ ತಾಯಿ ಇಯರ್‌ಫೋನ್ ಕಿತ್ತು ಪಕ್ಕಕ್ಕಿಟ್ಟರು.

"ಯಾಕಮ್ಮ, ದೇವರ ಹಾಡಲ್ವಾ?" ಎಂದು ಮಗ ಕೇಳಿದ.

"ಅದು ನಿಮ್ಮಪ್ಪನ್ನ ಮಣ್ಣು ಮಾಡುವಾಗ ಹಾಡಿದ್ದು ಕಣಪ್ಪ," ಎಂದರು ತಾಯಿ.

ಮಗನಿಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ಹಾಗಾದ್ರೆ ಏನು ಬೇಕಮ್ಮ?" ಎಂದ. "ನಾಟಿ ಹಾಕುವಾಗ ಹಾಡ್ತಿದ್ವಲ್ಲ, ಆ ಪದ. ನಿಮ್ಮ ಅತ್ತೆಗೆ ಪೂರ್ತಿ ಬರುತ್ತೆ," ಎಂದರು. ಹಳ್ಳಿಯಲ್ಲಿದ್ದ ಸೋದರತ್ತೆ ಅಂದೇ ರಾತ್ರಿ ಹಟ್ಟಿಯ ಜಗುಲಿಯಲ್ಲಿ ಕುಳಿತು ಆ ಪದವನ್ನು ಮೊಬೈಲಿಗೆ ಹಾಡಿ ಕಳುಹಿಸಿದರು. ನಡುನಡುವೆ ಹಸುವಿನ ಕೊರಳ ಗಂಟೆ, ಒಂದು ಕಡೆ ಕೆಮ್ಮು. ಯಾವ ಸ್ಟುಡಿಯೋದಲ್ಲೂ ಅದನ್ನು ಒಪ್ಪುತ್ತಿರಲಿಲ್ಲ. ಮುಂದಿನ ಎಲ್ಲ ಕೀಮೋಗಳಿಗೂ ಆ ತಾಯಿ ಅದನ್ನು ಕೇಳಿಕೊಂಡೇ ಹೋದರು. ಭಯ ಪೂರ್ತಿ ಹೋಗಲಿಲ್ಲ ಎಂದು ಅವರೇ ಹೇಳುತ್ತಾರೆ. "ಆದ್ರೆ ನಾನು ಒಬ್ಬಳೇ ಇರ್ಲಿಲ್ಲ ಫಾದರ್, ಗದ್ದೆ ತುಂಬ ಹೆಂಗಸರಿದ್ರು," ಎಂದರು.

ಪ್ರಿಯರೇ, ಈ ಸಣ್ಣ ಘಟನೆಯಲ್ಲಿ ನಮಗೆಲ್ಲ ದೊಡ್ಡ ಪಾಠವಿದೆ. ನಾವು ಸದುದ್ದೇಶದಿಂದಲೇ ನಮ್ಮ ಇಷ್ಟದ ಹಾಡನ್ನು ಅಸ್ವಸ್ಥರ ಮೇಲೆ ಹೇರುತ್ತೇವೆ. ದೇವಾಲಯದಲ್ಲಿ ಯಾವ ಹಾಡನ್ನು ನಾವು ಮರಣದ ಪೂಜೆಗೆ ಮೀಸಲಿಟ್ಟಿದ್ದೇವೋ ಅದೇ ಹಾಡನ್ನು ಆಸ್ಪತ್ರೆಯ ಹಾಸಿಗೆಯ ಬಳಿ ಹಾಡಿದರೆ, ಕೇಳುವವರ ಎದೆ ಒಡೆಯದೆ ಇರುತ್ತದೆಯೇ? ಕ್ಯಾನ್ಸರ್ ಬಂದ ದಿನದಿಂದ ರೋಗಿಯ ಕೈಯಿಂದ ಒಂದೊಂದೇ ತೀರ್ಮಾನ ಜಾರುತ್ತದೆ. ಏನು ತಿನ್ನಬೇಕು, ಯಾವಾಗ ಮಲಗಬೇಕು, ಯಾವ ಅಂಗಿ ತೊಡಬೇಕು, ಎಲ್ಲವನ್ನೂ ಬೇರೆಯವರು ಹೇಳುತ್ತಾರೆ. "ನಿಮಗೆ ಯಾವ ಹಾಡು ಬೇಕು?" ಎಂದು ಕೇಳುವುದೇ ಅವರ ಗೌರವವನ್ನು ಅವರಿಗೆ ಹಿಂದಿರುಗಿಸಿದ ಹಾಗೆ. ಯೇಸುಸ್ವಾಮಿಯೂ ಜೆರಿಕೋದ ದಾರಿಯಲ್ಲಿ ಕುರುಡ ಬಾರ್ತಿಮಾಯನನ್ನು ಕಂಡಾಗ ಮೊದಲು ಅವನಿಗೆ ಏನು ಬೇಕೆಂದು ಕೇಳಿದರು. ಅವನು ಕುರುಡನೆಂಬುದು ಎಲ್ಲರಿಗೂ ಕಾಣುತ್ತಿತ್ತು. ಆದರೂ ಕೇಳಿದರು.

"ಫಾದರ್, ಸಿನಿಮಾ ಹಾಡು ಕೇಳಿದರೆ ತಪ್ಪೇ? ಜನಪದ ಹಾಡಿನಲ್ಲಿ ದೇವರ ಹೆಸರೇ ಇಲ್ಲವಲ್ಲ?" ಎಂದು ಕೆಲವರು ಕೇಳಬಹುದು. ನೋವಿನಲ್ಲಿರುವ ತಂದೆಗೆ ಪಿ.ಬಿ. ಶ್ರೀನಿವಾಸ್ ಅವರ ದನಿಯಲ್ಲಿ ಒಂದು ಹಳೆಯ ಚಿತ್ರಗೀತೆ ನೆಮ್ಮದಿ ಕೊಡುವುದಾದರೆ, ದೇವರು ಆ ಹಾಡಿನ ಜ್ಞಾನಸ್ನಾನದ ಸರ್ಟಿಫಿಕೇಟ್ ಕೇಳುವುದಿಲ್ಲ. ಒಳ್ಳೆಯದೆಲ್ಲ ಅವರಿಂದಲೇ ಬಂದದ್ದು. ಕೆಲವರಿಗೆ ಜಪಸರದ ಲಯವೇ ಸಾಕು. ಕೆಲವರಿಗೆ ವೀಣೆ, ಕೊಳಲು. ಇನ್ನು ಕೆಲವರಿಗೆ, ವಾಂತಿ ಬರುವ ಹೊತ್ತಿನಲ್ಲಿ, ಯಾವ ಶಬ್ದವೂ ಬೇಡ. ಆಗ ಮೌನವಾಗಿ ಕೈ ಹಿಡಿದು ಕೂರುವುದೇ ನಮ್ಮ ಹಾಡು.

ಚಿಕಿತ್ಸೆಯಲ್ಲಿರುವವರಿಗೂ ಅವರ ಮನೆಯವರಿಗೂ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳಿಬಿಡುತ್ತೇನೆ.

ಹಾಡುಗಳನ್ನು ಚಿಕಿತ್ಸೆಗೆ ಮುಂಚೆ, ಮನೆಯಲ್ಲಿ ನೆಮ್ಮದಿಯಾಗಿರುವಾಗಲೇ ಆರಿಸಿಕೊಳ್ಳಿ. ಒಂದು ಸಲಕ್ಕೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಸದ್ದು ಮೆಲ್ಲಗಿರಲಿ. ನರ್ಸ್ ಕರೆದರೆ ಕೇಳಿಸುವಂತೆ ಒಂದು ಕಿವಿ ಬಿಡುವಾಗಿರಲಿ. ಸೂಜಿ ಚುಚ್ಚಿದ ಜಾಗ ಉರಿದರೆ, ಉಸಿರಾಡಲು ಕಷ್ಟವಾದರೆ, ಮೈ ಕಡಿದರೆ, ಹಾಡು ಮುಗಿಯಲಿ ಎಂದು ಕಾಯಬೇಡಿ, ತಕ್ಷಣ ಹೇಳಿ. ಫೋನಿನಲ್ಲಿ ಕರೆಗಳು ಬಾರದಂತೆ ಏರೋಪ್ಲೇನ್ ಮೋಡ್ ಹಾಕಿಕೊಳ್ಳಿ. ನಡುವೆ ನೆಂಟರ ಫೋನ್ ಬಂದು "ಹೇಗಿದ್ದೀರಿ" ಎಂದು ಅತ್ತರೆ ಹಾಡಿನ ಪ್ರಯೋಜನವೆಲ್ಲ ಹೋಯಿತು.

ಇನ್ನೊಂದು ಎಚ್ಚರಿಕೆ. 1978ರಲ್ಲಿ ಇಲೀನ್ ಬರ್ನ್‌ಸ್ಟೀನ್ ಎಂಬ ವಿಜ್ಞಾನಿ ಒಂದು ವಿಷಯ ತೋರಿಸಿಕೊಟ್ಟರು. ಕೀಮೋಗೆ ಸ್ವಲ್ಪ ಮುಂಚೆ ಮಕ್ಕಳಿಗೆ ಹೊಸ ರುಚಿಯ ಐಸ್‌ಕ್ರೀಂ ತಿನ್ನಿಸಿದರೆ, ಆಮೇಲೆ ಆ ಮಕ್ಕಳು ಆ ಐಸ್‌ಕ್ರೀಮನ್ನೇ ಬೇಡವೆನ್ನುತ್ತಿದ್ದರು. ವಾಂತಿಯ ನೆನಪು ರುಚಿಗೆ ಅಂಟಿಕೊಳ್ಳುತ್ತಿತ್ತು. ಆಸ್ಪತ್ರೆಯ ವಾಸನೆ ಬಂದರೇ ಹೊಟ್ಟೆ ತೊಳಸುವ ಅನುಭವ ಅನೇಕ ರೋಗಿಗಳಿಗೆ ಇದೆ. ಹಾಡಿಗೂ ಹಾಗೆ ಅಂಟಿಕೊಳ್ಳಬಹುದು. ಆದ್ದರಿಂದ ನಿಮ್ಮ ಮದುವೆಯ ಹಾಡನ್ನು, ಮಗುವಿಗೆ ಹಾಡಿದ ಜೋಗುಳವನ್ನು, ಜೀವಕ್ಕೆ ಅತಿ ಪ್ರಿಯವಾದ ಒಂದೇ ಹಾಡನ್ನು ಪ್ರತಿ ಕೀಮೋಗೂ ಹೊತ್ತುಕೊಂಡು ಹೋಗಬೇಡಿ. ಹಾಡುಗಳನ್ನು ಬದಲಾಯಿಸುತ್ತಿರಿ. ಆರಾಮಾಗಿರುವ ದಿನಗಳಲ್ಲೂ ಅವನ್ನು ಕೇಳುತ್ತಿರಿ.

ರೇಡಿಯೇಷನ್ನಿಗೆ ನಮ್ಮ ಹಳ್ಳಿಗಳಲ್ಲಿ "ಕರೆಂಟ್ ಕೊಡುವುದು" ಎನ್ನುತ್ತಾರೆ. ಆ ಹೆಸರೇ ಅರ್ಧ ಭಯ ಹುಟ್ಟಿಸುತ್ತದೆ. ಅದು ವಿದ್ಯುತ್ ಶಾಕ್ ಅಲ್ಲ. ಕಿರಣ ಬೀಳುವ ಹೊತ್ತಿನಲ್ಲಿ ಎಕ್ಸ್‌ರೇ ತೆಗೆಸುವಾಗ ಹೇಗೆ ನೋವಾಗುವುದಿಲ್ಲವೋ ಹಾಗೆಯೇ ಅಲ್ಲಿಯೂ ನೋವಾಗುವುದಿಲ್ಲ. ಚರ್ಮ ಕಪ್ಪಾಗುವುದು, ಬಾಯಿ ಹುಣ್ಣಾಗುವುದು ಮುಂತಾದ ತೊಂದರೆಗಳು ದಿನ ಕಳೆದಂತೆ ಬರುತ್ತವೆ, ಅದಕ್ಕೆ ವೈದ್ಯರು ಉಪಚಾರ ಹೇಳುತ್ತಾರೆ. ಬಾಯಿ, ಗಂಟಲಿನ ಕ್ಯಾನ್ಸರ್ ಇರುವವರಿಗೆ ತಲೆ ಅಲ್ಲಾಡದಂತೆ ಮುಖಕ್ಕೆ ಅಳತೆಯ ಪ್ಲಾಸ್ಟಿಕ್ ಮುಖವಾಡ ಹಾಕುತ್ತಾರೆ. ಅದನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿ ಅಚ್ಚು ತೆಗೆದಿರುತ್ತಾರೆ. ತುಂಬ ರಂಧ್ರಗಳಿರುತ್ತವೆ, ಉಸಿರಾಡಬಹುದು. ಆದರೆ ಕೋಣೆಯಲ್ಲಿ ಒಬ್ಬರೇ ಇರಬೇಕು. ಸಿಬ್ಬಂದಿ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ವಾರಕ್ಕೆ ಐದು ದಿನ, ಆರೇಳು ವಾರ ಇದು ನಡೆಯುತ್ತದೆ. ಅಲ್ಲಿ ಇಯರ್‌ಫೋನ್ ಹಾಕಿಕೊಳ್ಳಲಾಗದು. ಕೋಣೆಯ ಸ್ಪೀಕರಿನಲ್ಲಿ ನಿಮ್ಮ ಹಾಡು ಹಾಕಲು ಸಾಧ್ಯವೇ ಎಂದು ಸಿಬ್ಬಂದಿಯನ್ನು ಕೇಳಿ, ಅನೇಕ ಕಡೆ ಸಂತೋಷದಿಂದ ಹಾಕುತ್ತಾರೆ. ಆಗ ಗುನುಗಬಾರದು, ತಲೆದೂಗಬಾರದು, ಸುಮ್ಮನೆ ಕೇಳಬೇಕು. ಸ್ಪೀಕರ್ ಇಲ್ಲದಿದ್ದರೂ ಚಿಂತೆಯಿಲ್ಲ. ಗೊತ್ತಿರುವ ಹಾಡೊಂದನ್ನು ಮನಸ್ಸಿನೊಳಗೇ ಮೊದಲಿನಿಂದ ಕೊನೆಯವರೆಗೆ ಹಾಡಿಕೊಳ್ಳಿ. ಎರಡು ಮೂರು ಹಾಡು ಮುಗಿಯುವಷ್ಟರಲ್ಲಿ ಬಾಗಿಲು ತೆರೆಯುವ ದಿನಗಳೇ ಹೆಚ್ಚು.

ಇದೇ ಜಾಗದಲ್ಲಿ ನಾನು ಮತ್ತೆ ನಮ್ಮ ಸಂತ ಸಿಸಿಲಿಯಮ್ಮನವರ ಬಳಿಗೆ ಬರುತ್ತೇನೆ. ಪ್ರಾಚೀನ ಪರಂಪರೆ ಅವರ ಬಗ್ಗೆ ಏನು ಹೇಳುತ್ತದೆ? ಅವರ ಮದುವೆಯ ದಿನ ವಾದ್ಯಗಳು ಮೊಳಗುತ್ತಿದ್ದವು. ಆ ಗದ್ದಲದ ನಡುವೆ ಅವರು ತಮ್ಮ ಹೃದಯದೊಳಗೇ ದೇವರಿಗೆ ಹಾಡಿದರು. ತುಟಿ ಅಲುಗಿದ್ದನ್ನು ಯಾರೂ ಕಾಣಲಿಲ್ಲ. ಅವರು ಸಂಗೀತಗಾರರ ಪಾಲಕಿಯಾದದ್ದು ಯಾರ ಕಿವಿಗೂ ಬೀಳದ ಆ ಹಾಡಿನಿಂದ! ಮುಂದೆ ವಿಶ್ವಾಸಕ್ಕಾಗಿ ಅವರನ್ನು ಕೊಲ್ಲಲು ಕೊರಳಿಗೆ ಮೂರು ಸಲ ಕತ್ತಿಯಿಂದ ಹೊಡೆದರೂ ಪ್ರಾಣ ಹೋಗಲಿಲ್ಲ, ಮೂರು ದಿನ ಬದುಕಿದ್ದರು ಎಂದು ಪರಂಪರೆ ಹೇಳುತ್ತದೆ. 1599ರಲ್ಲಿ ರೋಮಿನಲ್ಲಿ ಅವರ ಸಮಾಧಿಯನ್ನು ತೆರೆದ ಮೇಲೆ ಸ್ತೆಫಾನೊ ಮದೆರ್ನೊ ಎಂಬ ಶಿಲ್ಪಿ ಅವರ ಅಮೃತಶಿಲೆಯ ಪ್ರತಿಮೆ ಕೆತ್ತಿದ. ತ್ರಸ್ತೆವೆರೆ ಎಂಬಲ್ಲಿರುವ ಅವರ ದೇವಾಲಯದಲ್ಲಿ ಅದು ಇಂದಿಗೂ ಇದೆ. ಒಂದು ಮಗ್ಗುಲಿಗೆ ಮಲಗಿದ ಎಳೆಯ ಹೆಣ್ಣುಮಗಳು, ಕೊರಳಿನಲ್ಲಿ ಗಾಯದ ಗುರುತು. ಚಿತ್ರಕಾರ ರಾಫೆಲ್ ಬರೆದ ಅವರ ಪ್ರಸಿದ್ಧ ಚಿತ್ರದಲ್ಲಿ ವಾದ್ಯಗಳು ಮುರಿದು ಕಾಲಬುಡದಲ್ಲಿ ಬಿದ್ದಿವೆ. ಅವರು ಮಾತ್ರ ತಲೆಯೆತ್ತಿ ಮೇಲಿನ ಹಾಡನ್ನು ಆಲಿಸುತ್ತಿದ್ದಾರೆ.

ಹಾಡುವವರ ಪಾಲಕಿ ಕೊರಳಿನ ಗಾಯದಿಂದ ಸತ್ತವರು. ಇದನ್ನು ನಾವು ಸುಮ್ಮನೆ ದಾಟಿ ಹೋಗಬಾರದು. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳಲ್ಲಿ ಬಾಯಿಯ ಕ್ಯಾನ್ಸರ್ ಒಂದು. ಅದಕ್ಕೆ ಹೊಗೆಸೊಪ್ಪು, ಗುಟ್ಕಾ, ಬೀಡಿಗಳೇ ಮುಖ್ಯ ಕಾರಣ. ಬರಿಯ ಅಡಿಕೆಯೂ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಗಾನವೃಂದದ ತರುಣರೇ, ಕೀರ್ತನೆ ಹಾಡುವ ಬಾಯಿಗೆ ಆ ಪೊಟ್ಟಣ ಬೇಡ. ಇದನ್ನು ಅಣ್ಣನ ಮಾತೆಂದು ತಿಳಿಯಿರಿ.

ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿಯನ್ನೇ ಕಳೆದುಕೊಂಡವರೂ ನಮ್ಮ ನಡುವೆ ಇದ್ದಾರೆ. ಅವರು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರೂ ಹಾಡುವಾಗ ತಲೆ ತಗ್ಗಿಸುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ. ಅಣ್ಣಂದಿರೇ, ಅಕ್ಕಂದಿರೇ, ನೀವು ಗಾನವೃಂದದಿಂದ ಹೊರಗಿನವರಲ್ಲ. ಸಂತ ಸಿಸಿಲಿಯಮ್ಮನವರ ಹಾಡು ಕೂಡ ಯಾರ ಕಿವಿಗೂ ಬೀಳಲಿಲ್ಲ. ದೇವರಿಗೆ ಕೇಳಿಸಿತು. ನಿಮ್ಮ ಹಾಡೂ ಅವರಿಗೆ ಕೇಳಿಸುತ್ತದೆ. ಗಾನವೃಂದದ ಮುಖಂಡರಿಗೂ ಒಂದು ಮಾತು. ಹಾಡಲಾರದ ಹಳೆಯ ಸದಸ್ಯರನ್ನು ಮರೆಯಬೇಡಿ. ಅಭ್ಯಾಸಕ್ಕೆ ಕರೆಯಿರಿ. ತಾಳ ಹಾಕಲಿ, ಹಾಡು ಆರಿಸಲಿ, ಮಕ್ಕಳಿಗೆ ತಿದ್ದಿ ತೋರಿಸಲಿ.

ಆತಂಕಪಡುವುದು ವಿಶ್ವಾಸದ ಕೊರತೆ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. "ದೇವರನ್ನು ನಂಬಿದವರು ಹೆದರಬಾರದು" ಎಂದು ರೋಗಿಯ ಮುಂದೆಯೇ ಹೇಳಿಬಿಡುತ್ತಾರೆ. ಆ ಮಾತು ರೋಗಿಗೆ ಎರಡನೆಯ ಹೊರೆ. ಮಾರ್ಕನ ಶುಭಸಂದೇಶದ 14ನೇ ಅಧ್ಯಾಯವನ್ನು ಗಮನಿಸಿ. ಕಡೆಯ ಭೋಜನವಾದ ಮೇಲೆ ಯೇಸುಸ್ವಾಮಿ ಶಿಷ್ಯರೊಂದಿಗೆ ಸ್ತುತಿಗೀತೆ ಹಾಡಿ ಓಲಿವ್ ಗುಡ್ಡಕ್ಕೆ ಹೊರಡುತ್ತಾರೆ. ಪಾಸ್ಕ ಭೋಜನದ ಸಮಯದಲ್ಲಿ ಯೆಹೂದ್ಯರು ಕೀರ್ತನೆ 113ರಿಂದ 118ರವರೆಗಿನ ಸ್ತುತಿಗಳನ್ನು ಹಾಡುವ ವಾಡಿಕೆ. ಹಾಡಿದವರು ದೇವಪುತ್ರ. ಹಾಡಿದ ಸ್ವಲ್ಪ ಹೊತ್ತಿನಲ್ಲೇ ಗೆತ್ಸೆಮನೆಯಲ್ಲಿ ಅವರಿಗೆ ಎಂಥ ಸಂಕಟ! ಲೂಕನು ಅವರ ಬೆವರನ್ನು ರಕ್ತದ ಹನಿಗಳಿಗೆ ಹೋಲಿಸುತ್ತಾನೆ. ಹಾಡಿದ್ದರಿಂದ ಅವರ ಸಂಕಟ ಇಲ್ಲವಾಗಲಿಲ್ಲ. ಸಂಕಟಪಟ್ಟಿದ್ದರಿಂದ ಅವರ ಹಾಡು ಸುಳ್ಳಾಗಲಿಲ್ಲ. ಹೆದರುವ ರೋಗಿ ಯೇಸುವಿನಿಂದ ದೂರವಿಲ್ಲ. ಆ ತೋಟದಲ್ಲಿ ಅವರ ಪಕ್ಕದಲ್ಲೇ ಇದ್ದಾರೆ.

ಆದ್ದರಿಂದ ಹಾಡಿನಿಂದಲೂ ಪ್ರಾರ್ಥನೆಯಿಂದಲೂ ಭಯ ತಗ್ಗದಿದ್ದರೆ, ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಚಿಕಿತ್ಸೆಯೇ ಬೇಡವೆನಿಸಿದರೆ, ಬದುಕು ಸಾಕೆನಿಸಿದರೆ, ನಾಚಿಕೆಪಡಬೇಡಿ. ಕ್ಯಾನ್ಸರ್ ವೈದ್ಯರಿಗೆ ಅದನ್ನೂ ಹೇಳಿ. ಮನೋವೈದ್ಯರು ಕೊಡುವ ಮಾತ್ರೆ ನುಂಗುವುದು ಪಾಪವಲ್ಲ. ಸರ್ಕಾರದ ಟೆಲಿ ಮಾನಸ್ ಎಂಬ ಉಚಿತ ಸೇವೆ 2022ರಲ್ಲಿ ಆರಂಭವಾಗಿದೆ. 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಈಗ ಗಾನವೃಂದದ ಪ್ರಿಯರೇ, ನಿಮ್ಮ ಕೆಲಸಕ್ಕೆ ಬರುತ್ತೇನೆ. ಪ್ರೇಷಿತರ ಕಾರ್ಯಕಲಾಪಗಳು 16ನೇ ಅಧ್ಯಾಯದಲ್ಲಿ ಪೌಲ ಮತ್ತು ಸೀಲ ಫಿಲಿಪ್ಪಿಯ ಸೆರೆಮನೆಯಲ್ಲಿದ್ದಾರೆ. ಬೆನ್ನಿಗೆ ಪೆಟ್ಟು, ಕಾಲಿಗೆ ಕೋಳ. ನಡುರಾತ್ರಿಯಲ್ಲಿ ಅವರು ದೇವರನ್ನು ಸ್ತುತಿಸಿ ಹಾಡುತ್ತಿರುತ್ತಾರೆ. ಬೇರೆ ಸೆರೆಯಾಳುಗಳು ಅದಕ್ಕೆ ಕಿವಿಗೊಡುತ್ತಿದ್ದರು ಎಂದು ಲೂಕನು ಬರೆಯುತ್ತಾನೆ. ಆ ಕತ್ತಲಲ್ಲಿ ಇನ್ನೊಬ್ಬರ ಹಾಡೇ ಅವರಿಗೆ ಆಸರೆ. ನಮ್ಮ ಧರ್ಮಕೇಂದ್ರದಲ್ಲೂ ಅಂಥ ನಡುರಾತ್ರಿಗಳನ್ನು ಕಳೆಯುತ್ತಿರುವ ಮನೆಗಳಿವೆ. ಅವರಿಗಾಗಿ ಈ ಹಬ್ಬದಿಂದ ಮುಂದಿನ ಹಬ್ಬದವರೆಗೆ ಮೂರು ಕೆಲಸ ಮಾಡೋಣ.

ಒಂದು, ಚಿಕಿತ್ಸೆಯಲ್ಲಿರುವ ಪ್ರತಿಯೊಬ್ಬರ ಮನೆಗೂ ಗಾನವೃಂದದಿಂದ ಇಬ್ಬರು ಹೋಗಿ, ಅವರಿಗೆ ಬೇಕಾದ ಹಾಡು ಯಾವುದೆಂದು ಕೇಳಿ ಬರೆದುಕೊಳ್ಳಿ. ಹತ್ತು ಹದಿನೈದು ಮಂದಿ ಗುಂಪಾಗಿ ಹೋಗಬೇಡಿ. ಕೀಮೋ ಆದ ಒಂದೆರಡು ವಾರ ಅನೇಕರಿಗೆ ರಕ್ತದ ಬಿಳಿಕಣಗಳು ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಶೀತ, ಕೆಮ್ಮು ಇದ್ದವರು ಹೋಗಲೇಬೇಡಿ. ಮುಂಚೆ ಫೋನ್ ಮಾಡಿ, "ಇವತ್ತು ಬರಬಹುದೇ?" ಎಂದು ಕೇಳಿ. "ಬೇಡ" ಎಂದರೆ ಬೇಸರ ಬೇಡ.

ಎರಡು, ಅವರು ಕೇಳಿದ ಹಾಡುಗಳನ್ನು ನಿಮ್ಮ ದನಿಯಲ್ಲೇ ಹಾಡಿ ಮೊಬೈಲಿಗೆ ಕಳುಹಿಸಿ. ಮಾರುಕಟ್ಟೆಯಲ್ಲಿ ಚೆಂದದ ಹಾಡುಗಳು ಬೇಕಾದಷ್ಟಿವೆ. ಆದರೆ "ಇದು ನಮ್ಮ ದೇವಾಲಯದವರು ನನಗೋಸ್ಕರ ಹಾಡಿದ್ದು" ಎಂಬ ಸಾಂತ್ವನ ಅಂಗಡಿಯಲ್ಲಿ ಸಿಗುವುದಿಲ್ಲ. ಮಕ್ಕಳು, ಮೊಮ್ಮಕ್ಕಳ ದನಿಯೂ ಅದರಲ್ಲಿ ಸೇರಲಿ.

ಮೂರು, ಒಂದು ವೇಳೆ ಅಸ್ವಸ್ಥರು ಸಿಡುಕಿದರೆ, "ಸಾಕು, ನಿಲ್ಲಿಸಿ" ಎಂದು ಗದರಿದರೆ, ದಾವೀದನನ್ನು ನೆನೆಯಿರಿ. ಅದು ರೋಗದ ಈಟಿ, ಅವರದಲ್ಲ. ಸದ್ದಿಲ್ಲದೆ ಎದ್ದು ಬನ್ನಿ, ಇನ್ನೊಂದು ದಿನ ಮತ್ತೆ ಹೋಗಿ.

ಪೋಪ್ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ವಿಶ್ವ ಅಸ್ವಸ್ಥರ ದಿನವನ್ನು ಸ್ಥಾಪಿಸಿ, ಲೂರ್ದುಮಾತೆಯ ಹಬ್ಬವಾದ ಫೆಬ್ರವರಿ 11ನ್ನು ಅದಕ್ಕೆ ಗೊತ್ತುಮಾಡಿದರು. ಬರುವ ಫೆಬ್ರವರಿ 11ರಂದು ಇದೇ ಪೀಠದ ಮುಂದೆ ಅಸ್ವಸ್ಥರ ಅಭ್ಯಂಗ ಸಂಸ್ಕಾರ ನಡೆಯುವಾಗ, ಹಾಡುಗಳನ್ನು ಗಾನವೃಂದದವರು ಆರಿಸುವುದು ಬೇಡ. ಅಂದು ಅಭ್ಯಂಗ ಪಡೆಯುವವರೇ ಆರಿಸಲಿ. ಅವರ ಹಾಡನ್ನು ನಾವು ಹಾಡೋಣ.

ಸಂತ ಸಿಸಿಲಿಯಮ್ಮನವರ ಪ್ರಾರ್ಥನೆಯ ಮೂಲಕ, ದನಿ ಇರುವವರಿಗೆ ದೇವರು ಕರುಣೆಯ ಹೃದಯವನ್ನು ಕೊಡಲಿ. ದನಿ ಕಳೆದುಕೊಂಡವರ ಹೃದಯದ ಹಾಡನ್ನು ಅವರು ಕೇಳಲಿ. ಇಂದು ರಾತ್ರಿ ಆಸ್ಪತ್ರೆಗಳಲ್ಲಿ ನಿದ್ರೆಯಿಲ್ಲದೆ ಬೆಳಗನ್ನು ಕಾಯುತ್ತಿರುವ ಎಲ್ಲರಿಗೂ, ಅವರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತಿರುವವರಿಗೂ ಪ್ರಭು ಶಾಂತಿಯನ್ನು ಅನುಗ್ರಹಿಸಲಿ. ಪಿತನ, ಪುತ್ರನ ಮತ್ತು ಪವಿತ್ರಾತ್ಮರ ನಾಮದಲ್ಲಿ. ಆಮೆನ್.